ರಾಜಕೀಯ ಹತ್ಯೆಯ ತನಿಖೆಯನ್ನು ಎಷ್ಟು ನಂಬಬೇಕು: ವರದಿ ಓದುವವರಿಗೊಂದು ಕೈಪಿಡಿ

ರಾಜೀವ್ ಗಾಂಧಿ ಹತ್ಯೆಯ ತನಿಖೆಯನ್ನು ನಂಬಬಹುದೇ ಎಂಬ ಪ್ರಶ್ನೆ ಕನ್ನಡಿಗರಿಗೆ ದೂರದ್ದಲ್ಲ. 1991ರ ಆಗಸ್ಟ್ 20ರ ಬೆಳಗ್ಗೆ, ಆಗ ಬೆಂಗಳೂರಿನ ಅಂಚಿನಲ್ಲಿದ್ದ ಕೋಣನಕುಂಟೆಯ ಮನೆಯೊಂದಕ್ಕೆ ಕಮಾಂಡೊಗಳು ನುಗ್ಗಿದಾಗ ಆ ಹತ್ಯೆಯ ಸಂಚಿನಲ್ಲಿ ಪೊಲೀಸರು ಹುಡುಕುತ್ತಿದ್ದ ಎಲ್‌ಟಿಟಿಇಯ (ಶ್ರೀಲಂಕಾದ ತಮಿಳು ಉಗ್ರ ಸಂಘಟನೆ) ಶಿವರಾಸನ್, ಶುಭಾ ಮತ್ತು ಅವರ ಜೊತೆಗಿದ್ದ ಐವರು ಹೆಣವಾಗಿ ಬಿದ್ದಿದ್ದರು. ಮನೆಯನ್ನು ಪೊಲೀಸರು ಸುತ್ತುವರಿದದ್ದು 18ರ ರಾತ್ರಿ. ನಡುವೆ ಸುಮಾರು ಒಂದೂವರೆ ದಿನ ಕಾದದ್ದೇಕೆ, ಒಬ್ಬರನ್ನಾದರೂ ಜೀವಂತ ಹಿಡಿಯಬಹುದಿತ್ತಲ್ಲವೇ ಎಂದು ಜನ ಅಂದೂ ಕೇಳಿದರು, ಇಂದೂ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಆ ಒಂದು ಪ್ರಶ್ನೆಯಿಂದ ಹೊರಟು ಇಡೀ ತನಿಖೆಯೇ ಸುಳ್ಳು ಎನ್ನುವವರೂ ಇದ್ದಾರೆ, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಯಿತಲ್ಲ, ಇನ್ನೇನು ಅನುಮಾನ ಎನ್ನುವವರೂ ಇದ್ದಾರೆ. ಇಬ್ಬರೂ ತನಿಖೆಯನ್ನು ಒಂದೇ ಗಂಟೆಂದು ತಿಳಿದು ಹೊರುತ್ತಾರೆ ಇಲ್ಲವೇ ಎಸೆಯುತ್ತಾರೆ. ಗಂಟು ಬಿಚ್ಚಿ, ಒಳಗಿನ ಒಂದೊಂದು ಹೇಳಿಕೆಯನ್ನೂ ಅದು ಯಾವ ಆಧಾರದ ಮೇಲೆ ನಿಂತಿದೆ ಎಂದು ನೋಡಿ, ಅಷ್ಟಕ್ಕೆ ಅಷ್ಟು ನಂಬಿಕೆ ಕೊಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಮೊದಲು ನಿಮ್ಮ ಕೈಯಲ್ಲಿರುವ ಕಾಗದ ಯಾವುದೆಂದು ಗೊತ್ತು ಮಾಡಿಕೊಳ್ಳಿ. 'ಅಧಿಕೃತ ತನಿಖೆ' ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ನಿಜಕ್ಕೂ ಹಲವು ಬೇರೆ ಬೇರೆ ಕೆಲಸಗಳು. ರಾಜೀವ್ ಪ್ರಕರಣವನ್ನೇ ನೋಡಿ. ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಡಿ. ಆರ್. ಕಾರ್ತಿಕೇಯನ್ ಅವರ ನೇತೃತ್ವದಲ್ಲಿ ಸಿಬಿಐನ ವಿಶೇಷ ತನಿಖಾ ತಂಡ ರಚನೆಯಾಗಿ 1992ರ ಮೇ ತಿಂಗಳಲ್ಲಿ 41 ಮಂದಿಯ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತು. ಭದ್ರತಾ ಲೋಪವನ್ನು ನೋಡಲು ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ ಬೇರೆ, ಸಂಚಿನ ಹಿನ್ನೆಲೆಯನ್ನು ನೋಡಲು ನ್ಯಾಯಮೂರ್ತಿ ಮಿಲಾಪ್ ಚಂದ್ ಜೈನ್ ಆಯೋಗ ಬೇರೆ. ಪೂನಮಲ್ಲಿಯ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ 1998ರ ಜನವರಿ 28ರಂದು ವಿಚಾರಣೆ ಎದುರಿಸಿದ 26 ಮಂದಿಗೂ ಗಲ್ಲು ವಿಧಿಸಿತು. ಸುಪ್ರೀಂ ಕೋರ್ಟ್ 1999ರ ಮೇ 11ರಂದು ನಾಲ್ವರಿಗೆ ಮಾತ್ರ ಗಲ್ಲನ್ನು ಉಳಿಸಿ, ಮೂವರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಉಳಿದ 19 ಮಂದಿಯನ್ನು ಕೊಲೆ ಸಂಚಿನ ಆರೋಪದಿಂದ ಮುಕ್ತಗೊಳಿಸಿತು. ಒಂದೇ ಸಾಕ್ಷ್ಯರಾಶಿಯನ್ನು ನೋಡಿದ ಎರಡು ನ್ಯಾಯಾಲಯಗಳ ನಡುವೆ 26ಕ್ಕೂ 7ಕ್ಕೂ ಇರುವಷ್ಟು ಅಂತರ ಬಂದಿರುವಾಗ, 'ತನಿಖೆಯನ್ನು ನಂಬುತ್ತೇನೆ' ಎಂದವರನ್ನು ಯಾವ ಹಂತದ ತನಿಖೆಯನ್ನು ಎಂದು ಕೇಳಲೇಬೇಕಾಗುತ್ತದೆ.

ಈ ಕಾಗದಗಳ ತೂಕ ಒಂದೇ ಅಲ್ಲ. ದೋಷಾರೋಪ ಪಟ್ಟಿ ಪೊಲೀಸರ ವಾದ. ಅದಿನ್ನೂ ಪಾಟೀಸವಾಲಿಗೆ ಒಳಗಾಗಿಲ್ಲ. ನ್ಯಾಯಾಲಯದ ತೀರ್ಪು ಪಾಟೀಸವಾಲನ್ನು ದಾಟಿ ಬಂದದ್ದು, ಆದರೆ ಅದು ಕಟಕಟೆಯಲ್ಲಿ ನಿಂತವರ ಬಗ್ಗೆ ಮಾತ್ರ ಹೇಳುತ್ತದೆ. ಬೇರೆ ಯಾರಾದರೂ ಇದ್ದರೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಅದಕ್ಕಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾದ ಆಯೋಗ ವ್ಯಾಪಕವಾಗಿ ಹುಡುಕಬಹುದು, ಆದರೆ ಅದರ ವರದಿ ಶಿಫಾರಸು ಮಾತ್ರ, ಯಾರನ್ನೂ ಶಿಕ್ಷಿಸಲಾರದು, ಸರಕಾರವನ್ನು ಕಟ್ಟಿಹಾಕಲಾರದು. ಆಯೋಗದ ಮಾತನ್ನು ತೀರ್ಪೆಂದೂ ಪೊಲೀಸರ ಮಾತನ್ನು ಆಯೋಗದ ಮಾತೆಂದೂ ಬೆರೆಸಿಬಿಡುವುದು ನಮ್ಮ ಚರ್ಚೆಗಳಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು.

ಎರಡನೆಯದಾಗಿ, ವರದಿ ಕೊಡುವ ಉತ್ತರಗಳನ್ನು ಬಿಡಿಸಿ ಇಟ್ಟುಕೊಳ್ಳಿ. ನಾನು ನೋಟ್‌ಬುಕ್ಕಿನ ಒಂದು ಪುಟವನ್ನು ನಾಲ್ಕು ಅಂಕಣ ಮಾಡುತ್ತೇನೆ: ಕೊಂದ ಕೈ ಯಾರದು, ನೆರವಾದವರು ಯಾರು, ಹೇಳಿ ಮಾಡಿಸಿದವರು ಯಾರು, ತಡೆಯಬೇಕಾಗಿದ್ದವರು ಏನು ಮಾಡುತ್ತಿದ್ದರು. ಬಹುತೇಕ ಪ್ರಕರಣಗಳಲ್ಲಿ ಮೊದಲ ಅಂಕಣ ಬೇಗ ತುಂಬುತ್ತದೆ, ಗಟ್ಟಿಯಾಗಿಯೂ ತುಂಬುತ್ತದೆ. ಎರಡನೆಯದು ಅರೆಬರೆ. ಮೂರನೆಯದರಲ್ಲಿ ಅನುಮಾನಗಳೇ ಹೆಚ್ಚು. ನಾಲ್ಕನೆಯದನ್ನು ತುಂಬಬೇಕಾದ ಸರಕಾರಿ ಇಲಾಖೆಗಳಿಗೆ ಅದನ್ನು ತುಂಬುವ ಮನಸ್ಸಿರುವುದಿಲ್ಲ. ಕೋಣನಕುಂಟೆಯ ವಿಳಂಬ ಬರುವುದು ಇದೇ ನಾಲ್ಕನೆಯ ಅಂಕಣಕ್ಕೆ. ಅಲ್ಲಿನ ಲೋಪ ಎಷ್ಟೇ ದೊಡ್ಡದಿದ್ದರೂ ರಾಜೀವ್ ಹತ್ಯೆಯಾದ ಶ್ರೀಪೆರಂಬುದೂರಿನಲ್ಲಿ ಬಾಂಬ್ ಕಟ್ಟಿಕೊಂಡು ಬಂದವಳು ಯಾರೆಂಬ ಮೊದಲ ಅಂಕಣದ ಉತ್ತರವನ್ನು ಅದು ಮುಟ್ಟುವುದಿಲ್ಲ. ಮೂರನೆಯ ಅಂಕಣಕ್ಕೆ ಮಾತ್ರ ಅದರಿಂದ ನಿಜವಾದ ನಷ್ಟವಾಯಿತು: ಮೇಲಿನವರ ಆದೇಶವನ್ನು ನೇರವಾಗಿ ಬಲ್ಲವನೊಬ್ಬ ಬಾಯಿ ಬಿಡುವ ಮೊದಲೇ ಇಲ್ಲವಾದ.

ಮೂರನೆಯ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಬೇಕು. ಪ್ರತಿ ಹೇಳಿಕೆಯ ಎದುರೂ, ಇದರ ಆಧಾರ ಹುಟ್ಟಿದ್ದು ಯಾವಾಗ, ಯಾರ ಕೈಯಲ್ಲಿ ಎಂದು ಬರೆದುಕೊಳ್ಳಿ. ಸಾಕ್ಷ್ಯ ಎಂಬುದು ಎರಡು ಬಗೆಯದು. ತನಿಖಾಧಿಕಾರಿಯ ಮನಸ್ಸಿನಲ್ಲಿ ಒಂದು ಕಥೆ ಮೂಡುವ ಮೊದಲೇ ಇದ್ದದ್ದು ಒಂದು. ಕಥೆ ಮೂಡಿದ ಮೇಲೆ, ಅದರ ನೆರಳಿನಲ್ಲಿ ದಾಖಲಾದದ್ದು ಇನ್ನೊಂದು. ರಾಜೀವ್ ಪ್ರಕರಣದಲ್ಲಿ ಎರಡಕ್ಕೂ ಕಣ್ಣಿಗೆ ಕಟ್ಟುವಂಥ ಉದಾಹರಣೆಗಳಿವೆ.

ರಾಜೀವ್ ಜೊತೆ ಅಂದು ಸತ್ತವರಲ್ಲಿ ಹರಿಬಾಬು ಎಂಬ ಛಾಯಾಗ್ರಾಹಕನೂ ಇದ್ದ. ಅವನ ಕ್ಯಾಮರಾ ಒಡೆಯದೆ ಸಿಕ್ಕಿತು, ಅದರ ರೀಲಿನಲ್ಲಿ ಹತ್ತು ಚಿತ್ರಗಳಿದ್ದವು. ಒಂದರಲ್ಲಿ ಕನ್ನಡಕ ಹಾಕಿಕೊಂಡು, ಸಲ್ವಾರ್ ಕಮೀಜ್ ತೊಟ್ಟು, ಕೈಯಲ್ಲಿ ಗಂಧದ ಹಾರ ಹಿಡಿದ ಯುವತಿ ಉಳಿದವರ ಜೊತೆ ರಾಜೀವ್ ಬರುವುದನ್ನು ಕಾಯುತ್ತ ನಿಂತಿದ್ದಾಳೆ. ಇನ್ನೊಂದು ಚಿತ್ರದಲ್ಲಿ ಬಿಳಿ ಕುರ್ತಾ ಪೈಜಾಮದ ಗಂಡಸೊಬ್ಬ ನೋಟ್‌ಪ್ಯಾಡ್ ಹಿಡಿದು ಪತ್ರಕರ್ತನಂತೆ ನಿಂತಿದ್ದಾನೆ. ಅವಳು ಬಾಂಬ್ ಕಟ್ಟಿಕೊಂಡು ಬಂದಿದ್ದ ಧನು, ಅವನು ಶಿವರಾಸನ್ ಎಂಬುದು ಆಮೇಲೆ ತಿಳಿದದ್ದು. ಹರಿಬಾಬುವಿಗೆ ಸೇರಿದ ವಸ್ತುಗಳಲ್ಲಿ ಚೆನ್ನೈನ ಪೂಂಪುಹಾರ್ ಕರಕುಶಲ ಮಳಿಗೆಯಲ್ಲಿ ಗಂಧದ ಹಾರ ಕೊಂಡ ರಸೀದಿಯೂ ಸಿಕ್ಕಿತು. ಕ್ಯಾಮರಾದ ಗುಂಡಿ ಒತ್ತಿದಾಗ, ಅಂಗಡಿಯವರು ರಸೀದಿ ಹರಿದುಕೊಟ್ಟಾಗ ತನಿಖೆಯೇ ಇರಲಿಲ್ಲ, ತನಿಖಾ ತಂಡವೂ ಇರಲಿಲ್ಲ. ಯಾವ ಅಧಿಕಾರಿಯ ಒತ್ತಡವಾಗಲಿ ಊಹೆಯಾಗಲಿ ಅವನ್ನು ತಿದ್ದಿಲ್ಲ. ವಿಧಿವಿಜ್ಞಾನ ತಜ್ಞರು ಸ್ಥಳದಲ್ಲಿ ಆಯ್ದ ಬಟ್ಟೆಯ ಚೂರು, ತಂತಿ, ಉಕ್ಕಿನ ಗುಂಡುಗಳಿಂದ ಸೊಂಟಪಟ್ಟಿಯ ಬಾಂಬನ್ನು ಮರುಜೋಡಿಸಿ ನೋಡಿದಾಗ ಸಿಕ್ಕ ಉತ್ತರವೂ ಈ ಚಿತ್ರಗಳು ಹೇಳಿದ ಕಡೆಗೇ ಬೊಟ್ಟು ಮಾಡಿತು. ಒಂದನ್ನೊಂದು ಅರಿಯದ ಎರಡು ಮೂರು ದಾರಿಗಳು ಒಂದೇ ಬಾಗಿಲಿಗೆ ಬಂದು ಸೇರಿದರೆ ಆ ಉತ್ತರವನ್ನು ಗಟ್ಟಿಯಾಗಿ ನಂಬಬಹುದು, ಅದನ್ನು ಹೇಳಿದ್ದು ಸರಕಾರವೇ ಆಗಿದ್ದರೂ.

ಈಗ ಅದೇ ಪ್ರಕರಣದ ಇನ್ನೊಂದು ಸಾಕ್ಷ್ಯವನ್ನು ನೋಡಿ. ಬಂಧನವಾದಾಗ 19 ವರ್ಷದವನಾಗಿದ್ದ ಪೇರರಿವಾಳನ್, ತಾನು ಎರಡು 9 ವೋಲ್ಟ್ ಬ್ಯಾಟರಿಗಳನ್ನು ಕೊಂಡು ಶಿವರಾಸನ್‌ಗೆ ಕೊಟ್ಟೆ, ಬಾಂಬ್ ಸಿಡಿಸಲು ಅವನ್ನೇ ಬಳಸಲಾಯಿತು ಎಂದು ತಪ್ಪೊಪ್ಪಿಕೊಂಡಿದ್ದಾಗಿ ದಾಖಲೆ ಹೇಳುತ್ತದೆ. ಸಾಮಾನ್ಯ ಕಾನೂನಿನಲ್ಲಿ ಪೊಲೀಸರೆದುರಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಟಾಡಾದ 15ನೇ ಸೆಕ್ಷನ್ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡದ್ದಕ್ಕೆ ಬೆಲೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಈ ಕೃತ್ಯಕ್ಕೆ ಟಾಡಾ ಅಪರಾಧ ಅನ್ವಯಿಸುವುದಿಲ್ಲ ಎಂದು ಹೇಳಿಯೂ, ಆ ಕಾಯ್ದೆಯಡಿ ಪಡೆದ ತಪ್ಪೊಪ್ಪಿಗೆಗಳನ್ನು ಸಾಕ್ಷ್ಯವಾಗಿ ಒಪ್ಪಿಕೊಂಡಿತು. ಪೇರರಿವಾಳನ್‌ಗೆ ಗಲ್ಲು ಖಾಯಂ ಆಯಿತು. 2013ರಲ್ಲಿ, ಆ ಹೇಳಿಕೆಯನ್ನು ದಾಖಲಿಸಿದ್ದ ಅಧಿಕಾರಿಯೇ ನಿವೃತ್ತಿಯ ನಂತರ, ಬ್ಯಾಟರಿ ಯಾವ ಕೆಲಸಕ್ಕೆಂದು ತನಗೆ ಗೊತ್ತಿರಲಿಲ್ಲ ಎಂದು ಹುಡುಗ ಹೇಳಿದ್ದನೆಂದೂ, ಆ ಮಾತನ್ನು ತಾನು ಬರೆದುಕೊಳ್ಳಲಿಲ್ಲವೆಂದೂ ಬಹಿರಂಗವಾಗಿ ಹೇಳಿದರು. 2017ರಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರವನ್ನೂ ಸಲ್ಲಿಸಿದರು. ಬಿಟ್ಟುಹೋದದ್ದು ಒಂದೇ ಒಂದು ವಾಕ್ಯ. ಒಬ್ಬ ಮನುಷ್ಯನ ಕೊರಳು ನೇತಾಡುತ್ತಿದ್ದದ್ದು ಆ ವಾಕ್ಯದ ಮೇಲೆ. ವಿಳಂಬದ ಕಾರಣಕ್ಕೆ 2014ರಲ್ಲಿ ಗಲ್ಲು ಜೀವಾವಧಿಯಾಗಿ ಇಳಿಯಿತು. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿ ಬಳಸಿ ಬಿಡುಗಡೆ ಮಾಡುವ ಹೊತ್ತಿಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದುಹೋಗಿತ್ತು. ತಪ್ಪೊಪ್ಪಿಗೆಯ ಪುಟ ಬಂದಾಗಲೆಲ್ಲ ನಾನು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು, ಈ ಮಾತಿಗೆ ಬೇರೆ ಆಸರೆ ಎಲ್ಲಿದೆ ಎಂದು ಹುಡುಕುತ್ತೇನೆ. ಆಸರೆ ಸಿಗದಿದ್ದರೆ ಗೆರೆ ಹಾಗೆಯೇ ಉಳಿಯುತ್ತದೆ.

ಹರಿಬಾಬುವಿನ ಚಿತ್ರಗಳನ್ನು ನಂಬಿ, ಬ್ಯಾಟರಿಯ ವಾಕ್ಯವನ್ನು ನಂಬದೇ ಇರುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ಎರಡೂ ಒಂದೇ ತನಿಖೆಯವು ಎಂಬುದು ಎರಡಕ್ಕೂ ಒಂದೇ ಬೆಲೆ ಕಟ್ಟಲು ಕಾರಣವಾಗಲಾರದು. ತೀರ್ಪನ್ನು ಓದುವಾಗ ಭಿನ್ನಮತವನ್ನೂ ಬಿಡಬೇಡಿ. 1999ರ ತೀರ್ಪಿನಲ್ಲಿ, ಗಲ್ಲು ಉಳಿದ ನಾಲ್ವರಲ್ಲಿ ಒಬ್ಬಳಾದ ನಳಿನಿಗೆ ಗಲ್ಲು ಬೇಡವೆಂದು ನ್ಯಾಯಮೂರ್ತಿ ಕೆ. ಟಿ. ಥಾಮಸ್ ಬರೆದ ಭಾಗದಲ್ಲಿ, ಬಹುಮತ ಯಾವುದನ್ನು ಹೇಗೆ ತೂಗಿತು ಎಂಬುದು ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ.

ಮುಂದಿನದು ಮೊದಲ ಕೆಲವು ಗಂಟೆಗಳ ಲೆಕ್ಕ. ಸ್ಥಳ ಮಹಜರು ಯಾವಾಗ ನಡೆಯಿತು, ಮರಣೋತ್ತರ ಪರೀಕ್ಷೆ ಆಯಿತೇ, ಜಪ್ತಿಯಾದ ವಸ್ತುಗಳೆಷ್ಟು ಎಂದು ನೋಡಿ. 2007ರ ಡಿಸೆಂಬರ್ 27ರಂದು ರಾವಲ್ಪಿಂಡಿಯಲ್ಲಿ ಬೆನಜೀರ್ ಭುಟ್ಟೊ ಹತ್ಯೆಯಾದ ಜಾಗವನ್ನು ಎರಡು ಗಂಟೆಯೊಳಗೆ ನೀರು ಹಾಯಿಸಿ ತೊಳೆಯಲಾಯಿತು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಸಾವಿರಾರು ವಸ್ತುಗಳು ಸಿಗಬೇಕಾದ ಕಡೆ ಪೊಲೀಸರು ಆಯ್ದದ್ದು 23 ಎಂದು ವಿಶ್ವಸಂಸ್ಥೆಯ ಆಯೋಗ 2010ರ ವರದಿಯಲ್ಲಿ ದಾಖಲಿಸಿತು. ಇಂಥ ಪ್ರಕರಣದಲ್ಲಿ ಮುಂದೆ ಯಾರು ಎಷ್ಟು ದಪ್ಪದ ವರದಿ ಬರೆದರೂ ಅದರ ಅಡಿಪಾಯ ಆ ನೀರಿನಲ್ಲಿ ಕೊಚ್ಚಿಹೋಗಿದೆ ಎಂದೇ ತಿಳಿಯಬೇಕು. ತನಿಖೆಗೆ ಕಾನೂನಿನಿಂದಲೇ ಬೀಗ ಹಾಕಿದ ದೇಶಗಳೂ ಇವೆ: ಶೇಖ್ ಮುಜಿಬುರ್ ರಹಮಾನ್ ಅವರನ್ನು 1975ರಲ್ಲಿ ಕೊಂದವರಿಗೆ ರಕ್ಷಣೆ ಕೊಟ್ಟ ಸುಗ್ರೀವಾಜ್ಞೆಯನ್ನು ಬಾಂಗ್ಲಾದೇಶ ರದ್ದು ಮಾಡಿದ್ದು 1996ರಲ್ಲಿ.

ತನಿಖೆ ನಡೆಸುವವರೇ ಏನನ್ನಾದರೂ ಮುಚ್ಚಿಟ್ಟದ್ದು ಬಯಲಾದರೆ ಏನೆಂದು ತಿಳಿಯಬೇಕು? ಇಲ್ಲಿ ಎಚ್ಚರ ತಪ್ಪುವವರೇ ಹೆಚ್ಚು. ಕೆನಡಿ ಹತ್ಯೆಯ ವಾರನ್ ಆಯೋಗ 1964ರಲ್ಲಿ 888 ಪುಟಗಳ ವರದಿ ಕೊಟ್ಟಾಗ, ಕ್ಯೂಬಾದ ನಾಯಕ ಕ್ಯಾಸ್ಟ್ರೊನನ್ನು ಕೊಲ್ಲಿಸಲು ಸಿಐಎ ಹೂಡಿದ್ದ ಸಂಚುಗಳನ್ನು ಆಯೋಗದ ಮುಂದೆ ಇಟ್ಟಿರಲಿಲ್ಲ. ಸಿಐಎಯ ಮಾಜಿ ಮುಖ್ಯಸ್ಥ ಅಲೆನ್ ಡಲ್ಲಸ್ ಸ್ವತಃ ಆ ಆಯೋಗದ ಸದಸ್ಯರಾಗಿದ್ದರು. ಹತ್ಯೆಗೆ ಕೆಲವೇ ವಾರಗಳ ಮೊದಲು, ಕೆನಡಿಯನ್ನು ಕೊಂದವನೆಂದು ಆಯೋಗ ಹೇಳಿದ ಆಸ್ವಾಲ್ಡ್ ಡಲ್ಲಾಸ್‌ನ ಎಫ್‌ಬಿಐ ಕಚೇರಿಗೆ ಕೊಟ್ಟುಹೋಗಿದ್ದ ಚೀಟಿಯನ್ನು ಹತ್ಯೆಯ ನಂತರ ಅಲ್ಲಿನವರು ನಾಶಪಡಿಸಿದ್ದು 1975ರಲ್ಲಿ ಹೊರಬಂತು. ಇದೆಲ್ಲ ದೊಡ್ಡ ಅಪರಾಧವೇ. ಆದರೆ ಮುಚ್ಚಿಟ್ಟದ್ದು ರುಜುವಾದರೆ ಮುಚ್ಚಿಟ್ಟದ್ದು ಮಾತ್ರ ರುಜುವಾಗುತ್ತದೆ. ಕೊಲೆಯಲ್ಲಿ ಕೈವಾಡ ಇದ್ದದ್ದಕ್ಕೆ ಮುಚ್ಚಿಟ್ಟರೋ, ತಮ್ಮ ಮೂಗಿನಡಿಯಲ್ಲಿದ್ದವನನ್ನು ಬಿಟ್ಟ ನಾಚಿಕೆಗೆ ಮುಚ್ಚಿಟ್ಟರೋ ಎಂಬುದನ್ನು ಬೇರೆ ಸಾಕ್ಷ್ಯದಿಂದಲೇ ತೋರಿಸಬೇಕು. ಸರಕಾರಿ ಕಚೇರಿಗಳ ಸ್ವಭಾವ ಬಲ್ಲವರಿಗೆ ಎರಡನೆಯ ಕಾರಣ ಎಷ್ಟು ಸಾಮಾನ್ಯ ಎಂಬುದು ಗೊತ್ತಿರುತ್ತದೆ. ಸಂಚು ಇತ್ತೆಂದು ಹೇಳಿದ ವರದಿಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅಮೆರಿಕದ ಕೆಳಸದನದ ಸಮಿತಿ 1979ರಲ್ಲಿ ಕೆನಡಿ ಹತ್ಯೆಯ ಹಿಂದೆ ಬಹುಶಃ ಸಂಚಿತ್ತು ಎಂದಾಗ ಅದು ಬಹುವಾಗಿ ನೆಚ್ಚಿಕೊಂಡದ್ದು ಪೊಲೀಸ್ ರೇಡಿಯೊದ ಧ್ವನಿಮುದ್ರಣವೊಂದನ್ನು. 1982ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಆ ವಿಶ್ಲೇಷಣೆಯನ್ನೇ ತಳ್ಳಿಹಾಕಿದರು.

ನಮ್ಮ ಆಯೋಗಗಳ ವರದಿ ಓದುವಾಗ ಕ್ರಿಯಾಪದಗಳ ಮೇಲೆ ಕಣ್ಣಿಡಿ. 'ಸಾಬೀತಾಗಿದೆ', 'ಕಂಡುಬರುತ್ತದೆ', 'ತಳ್ಳಿಹಾಕುವಂತಿಲ್ಲ', 'ಹೆಚ್ಚಿನ ತನಿಖೆ ಅಗತ್ಯ' ಎಂಬ ನಾಲ್ಕು ಮಾತುಗಳ ನಡುವೆ ಅಜಗಜಾಂತರವಿದೆ. ಇಂದಿರಾ ಗಾಂಧಿ ಹತ್ಯೆಯ ಬಗ್ಗೆ ನೇಮಕವಾದ ಠಕ್ಕರ್ ಆಯೋಗ, ಅವರ ಆಪ್ತ ಸಹಾಯಕ ಆರ್. ಕೆ. ಧವನ್ ಕಡೆಗೆ ಅನುಮಾನದ ಮುಳ್ಳು ತಿರುಗಿದೆ ಎಂದು ಬರೆಯಿತು. ಆ ವರದಿಯನ್ನು ಸಂಸತ್ತಿನ ಮುಂದಿಡದಿರಲು ಸರಕಾರ 1986ರಲ್ಲಿ ಕಾಯ್ದೆಯನ್ನೇ ತಿದ್ದಿತು. ಪತ್ರಿಕೆಯಲ್ಲಿ ಸೋರಿಕೆಯಾದ ಮೇಲೆ 1989ರ ಮಾರ್ಚ್‌ನಲ್ಲಿ ಮಂಡಿಸಿತು. ಧವನ್ ಮೇಲೆ ಯಾವ ಆರೋಪವೂ ನಿಲ್ಲಲಿಲ್ಲ. ಇತ್ತ ನ್ಯಾಯಾಲಯದಲ್ಲಿ, ಕೆಳಗಿನ ಎರಡು ಹಂತಗಳಲ್ಲಿ ಗಲ್ಲಿಗೆ ಗುರಿಯಾಗಿದ್ದ ಬಲ್ಬೀರ್ ಸಿಂಗ್‌ರನ್ನು ಸುಪ್ರೀಂ ಕೋರ್ಟ್ 1988ರಲ್ಲಿ ಸಾಕ್ಷ್ಯ ಸಾಲದೆಂದು ಬಿಡುಗಡೆ ಮಾಡಿತು. ಜೈನ್ ಆಯೋಗದ ಮಧ್ಯಂತರ ವರದಿ 1997ರ ನವೆಂಬರಿನಲ್ಲಿ ಸೋರಿಕೆಯಾಗಿ, ಅದರಲ್ಲಿ ದೂಷಣೆಗೊಳಗಾದ ಡಿಎಂಕೆಯನ್ನು ಸರಕಾರದಿಂದ ಕೈಬಿಡಬೇಕೆಂದು ಪಟ್ಟುಹಿಡಿದ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡು ಗುಜ್ರಾಲ್ ಸರಕಾರವೇ ಉರುಳಿತು. ಅಂತಿಮ ವರದಿ ಬಂದದ್ದು ನಂತರ, 1998ರ ಮಾರ್ಚ್‌ನಲ್ಲಿ. ವರದಿ ಸೋರಿಕೆಯಾದ ದಿನಾಂಕವನ್ನೂ ಅಂದಿನ ರಾಜಕೀಯವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಅದನ್ನು ಓದುವ ಎಚ್ಚರ ತಾನಾಗಿ ಬರುತ್ತದೆ.

ನ್ಯಾಯಾಲಯವೂ ಆಯೋಗವೂ ಬೇರೆ ಬೇರೆ ಮಾತಾಡಿದಾಗ ಏನು ಮಾಡಬೇಕು ಎಂಬುದಕ್ಕೆ ಮಹಾತ್ಮ ಗಾಂಧಿ ಹತ್ಯೆಯ ಪ್ರಕರಣಕ್ಕಿಂತ ಕಷ್ಟದ ಪಾಠವಿಲ್ಲ. 1948ರ ಜನವರಿ 20ರಂದು ಬಿರ್ಲಾ ಭವನದಲ್ಲಿ ಬಾಂಬ್ ಸಿಡಿಸಿದ ಮದನ್‌ಲಾಲ್ ಪಾಹ್ವಾ ಸ್ಥಳದಲ್ಲೇ ಸಿಕ್ಕಿಬಿದ್ದಿದ್ದ, ಮುಂಬಯಿಯಲ್ಲಿ ಸಂಚಿನ ಸುಳಿವು ಆ ಪ್ರಾಂತ್ಯದ ಗೃಹ ಸಚಿವ ಮೊರಾರ್ಜಿ ದೇಸಾಯಿಯವರ ಕಿವಿಗೂ ಬಿದ್ದಿತ್ತು. ಆದರೂ ಹತ್ತು ದಿನಗಳ ನಂತರ ಅದೇ ತಂಡದ ಗೋಡ್ಸೆ ಅದೇ ಭವನದಲ್ಲಿ ಗುಂಡು ಹಾರಿಸಿದ. ಕೆಂಪುಕೋಟೆಯ ವಿಶೇಷ ನ್ಯಾಯಾಲಯ 1949ರ ಫೆಬ್ರವರಿ 10ರ ತೀರ್ಪಿನಲ್ಲಿ ಪೊಲೀಸರ ಈ ಸಡಿಲತೆಯನ್ನು ಎತ್ತಿ ಆಡಿತು, ಸಾವರ್ಕರ್ ಅವರನ್ನು ಖುಲಾಸೆ ಮಾಡಿತು. ಇಪ್ಪತ್ತು ವರ್ಷಗಳ ನಂತರ, 1969ರಲ್ಲಿ, ನ್ಯಾಯಮೂರ್ತಿ ಜೀವನ್‌ಲಾಲ್ ಕಪೂರ್ ಆಯೋಗ 101 ಸಾಕ್ಷಿಗಳನ್ನು ವಿಚಾರಿಸಿ, ಸಾವರ್ಕರ್ ಮತ್ತು ಅವರ ಗುಂಪಿನ ಸಂಚು ಎಂಬುದನ್ನು ಬಿಟ್ಟು ಬೇರೆ ವಾದ ನಿಲ್ಲದು ಎಂಬರ್ಥದ ಮಾತು ಬರೆಯಿತು. ಅವರ ಅಂಗರಕ್ಷಕ ಮತ್ತು ಕಾರ್ಯದರ್ಶಿ 1948ರ ಮಾರ್ಚ್‌ನಲ್ಲೇ ಪೊಲೀಸರಿಗೆ ಕೊಟ್ಟಿದ್ದ ಹೇಳಿಕೆಗಳು ಆಯೋಗದ ಕಣ್ಣಿಗೆ ಬಿದ್ದಿದ್ದವು. ಆ ಇಬ್ಬರನ್ನು ಅಂದಿನ ವಿಚಾರಣೆಯಲ್ಲಿ ಸಾಕ್ಷಿಗಳಾಗಿ ಕರೆದಿರಲಿಲ್ಲ. ಆದರೆ ಆಯೋಗ ಬರೆಯುವ ಹೊತ್ತಿಗೆ ಸಾವರ್ಕರ್ ತೀರಿಕೊಂಡು ಮೂರು ವರ್ಷವಾಗಿತ್ತು, ಪಾಟೀಸವಾಲು ಮಾಡಲು ಅವರಿರಲಿಲ್ಲ. ಖುಲಾಸೆಯನ್ನು ಮರೆಮಾಚಿ ಕಪೂರ್ ವರದಿಯ ಸಾಲನ್ನಷ್ಟೇ ಹೇಳುವವರೂ, ಆಯೋಗ ಕಂಡದ್ದನ್ನು ಮರೆಮಾಚಿ ಖುಲಾಸೆಯನ್ನಷ್ಟೇ ಹೇಳುವವರೂ ಅರ್ಧ ಕಡತವನ್ನೇ ತೋರಿಸುತ್ತಿದ್ದಾರೆ. ನನ್ನ ನೋಟ್‌ಬುಕ್ಕಿನ ಮೂರನೆಯ ಅಂಕಣದಲ್ಲಿ ಎರಡೂ ಸಾಲುಗಳಿವೆ, ಒಂದರ ಮೇಲೂ ಗೀಟು ಹಾಕಿಲ್ಲ.

ಸರಕಾರಿ ಕಥನಕ್ಕೆ ಎದುರಾಗಿ ಬರುವ ವಾದಕ್ಕೂ ಇಷ್ಟೇ ಕಟ್ಟುನಿಟ್ಟಾಗಿರಿ. ಲಾಭ ಯಾರಿಗಾಯಿತು ಎಂಬುದು ಎಲ್ಲಿ ಹುಡುಕಬೇಕೆಂದು ತೋರಿಸುವ ಪ್ರಶ್ನೆ, ಸಾಕ್ಷ್ಯವಲ್ಲ. ದೊಡ್ಡ ನಾಯಕನ ಸಾವಿನಿಂದ ಹತ್ತು ಜನರಿಗೆ ಲಾಭವಾಗುತ್ತದೆ, ಹತ್ತೂ ಜನ ಕೊಂದಿರುವುದಿಲ್ಲ.

ಕಾಗದಗಳನ್ನು ಹುಡುಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ತೀರ್ಪುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆಯೋಗದ ವರದಿಯ ಜೊತೆ ಸರಕಾರ ಮಂಡಿಸುವ ಕ್ರಮ ಕೈಗೊಂಡ ವರದಿಯನ್ನೂ ಓದಿ. ಆಯೋಗ ಹೇಳಿದ್ದರಲ್ಲಿ ಸರಕಾರ ಯಾವುದನ್ನು ಒಪ್ಪಿತು, ಯಾವುದನ್ನು ಜಾರಿಸಿತು ಎಂಬುದು ಅಲ್ಲಿರುತ್ತದೆ.

ಇದೇ ಕ್ರಮವನ್ನು ನಮ್ಮ ನೆಲದ ಪ್ರಕರಣಗಳಿಗೂ ಅನ್ವಯಿಸಬೇಕು. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ಎಂ. ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಅವರವರ ಮನೆಯ ಬಾಗಿಲಲ್ಲೇ ಕೊಂದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂಬುದು ವಿಧಿವಿಜ್ಞಾನ ಪ್ರಯೋಗಾಲಯ ಗುಂಡು ಮತ್ತು ತೋಟಾಗಳನ್ನು ಹೋಲಿಸಿ ಹೇಳಿದ ಮಾತು. ಗೌರಿ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ 2018ರ ನವೆಂಬರಿನಲ್ಲಿ 18 ಆರೋಪಿಗಳ ಮೇಲೆ ಸಲ್ಲಿಸಿದ ದೋಷಾರೋಪ ಪಟ್ಟಿ 9,235 ಪುಟಗಳದ್ದು. ಅಷ್ಟು ಪುಟಗಳಿರುವುದೇ ಅದರ ಬಲ ಎಂದು ತಿಳಿಯಬೇಡಿ. ಪುಣೆಯಲ್ಲಿ 2013ರಲ್ಲಿ ವಿಚಾರವಾದಿ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದವರೆಂದು ಸಿಬಿಐ 2016ರಲ್ಲಿ ಇಬ್ಬರನ್ನು ಹೆಸರಿಸಿ, 2018ರಲ್ಲಿ ಬೇರೆ ಇಬ್ಬರನ್ನು ಹಿಡಿಯಿತು. 2024ರ ಮೇ 10ರಂದು ನ್ಯಾಯಾಲಯ ಆ ಎರಡನೆಯ ಜೋಡಿಗೆ ಶಿಕ್ಷೆ ವಿಧಿಸಿ, ಮೂವರನ್ನು ಖುಲಾಸೆ ಮಾಡಿ, ಹಿಂದಿದ್ದ ಮುಖ್ಯ ಸೂತ್ರಧಾರರನ್ನು ಪತ್ತೆಹಚ್ಚುವಲ್ಲಿ ತನಿಖೆ ವಿಫಲವಾಯಿತೆಂದು ಬರೆಯಿತು. ಮೊದಲ ಅಂಕಣ ತುಂಬಿದ್ದೂ ಮೂರನೆಯದು ಖಾಲಿ ಉಳಿದದ್ದೂ ಒಂದೇ ತೀರ್ಪಿನಲ್ಲಿದೆ.

ಗೌರಿ ಪ್ರಕರಣದ ತೀರ್ಪು ನಿಮ್ಮ ಕೈಗೆ ಬಂದಾಗ ಶಿಕ್ಷೆಯ ಪುಟಕ್ಕೆ ಹಾರಬೇಡಿ. ಪಿಸ್ತೂಲಿನ ವರದಿ ಕೊಟ್ಟ ತಜ್ಞರನ್ನು ಪಾಟೀಸವಾಲಿನಲ್ಲಿ ಏನು ಕೇಳಿದರು, ಅವರು ಏನು ಹೇಳಿದರು ಎಂಬ ಪುಟವನ್ನು ಮೊದಲು ತೆರೆಯಿರಿ. ಆಮೇಲೆ ತಪ್ಪೊಪ್ಪಿಗೆಗಳು ಪೊಲೀಸರ ಮುಂದೆ ಆದವೇ, ಮ್ಯಾಜಿಸ್ಟ್ರೇಟರ ಮುಂದೆ ಆದವೇ ಎಂದು ನೋಡಿ. ಪೆನ್ಸಿಲ್ ಹತ್ತಿರದಲ್ಲೇ ಇರಲಿ.